ಹಾಜರಿ ಹಾಳೆಯ ಮೇಲಿನ ಸಾಕ್ಷಿ

ಕರ್ತನಲ್ಲಿ ಪ್ರಿಯನಾದ ತಮ್ಮನಿಗೆ ವಂದನೆಗಳು.

ಮುಂದಿನ ತಿಂಗಳು ದುಬೈಯ ಕಟ್ಟಡ ಕಂಪನಿಯೊಂದಕ್ಕೆ ಹಾಜರಿ ಗುಮಾಸ್ತನಾಗಿ ಬರಲಿರುವ ನೀನು, ಬಾಯಿಬಿಟ್ಟು ಸುವಾರ್ತೆ ಸಾರಲು ಅವಕಾಶವಿಲ್ಲದ ದೇಶದಲ್ಲಿ ಕ್ರಿಸ್ತನಿಗೆ ಸಾಕ್ಷಿಯಾಗಿ ಬಾಳುವುದು ಹೇಗೆಂದು ಕೇಳಿದ್ದೀ. ಆರಾಧನೆ, ರಂಜಾನ್ ತಿಂಗಳು, ಮನೆಗೆ ಕಳಿಸುವ ಹಣ ಇವುಗಳ ಬಗ್ಗೆಯೂ ವಿಚಾರಿಸಿದ್ದೀ. 1999ರ ಆಗಸ್ಟಿನಲ್ಲಿ ನಾನು ಇದೇ ಕೆಲಸಕ್ಕೆ ಇಲ್ಲಿ ಬಂದಿಳಿದಾಗ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಕೆಳಗೆ, ಕಸ್ಟಮ್ಸಿನವರು ಕಿತ್ತುಕೊಂಡಾರೆಂಬ ಭಯದಿಂದ, ಸತ್ಯವೇದವನ್ನು ಪಂಚೆಯಲ್ಲಿ ಸುತ್ತಿಟ್ಟಿದ್ದೆ. ಯಾರೂ ಏನೂ ಕೇಳಲಿಲ್ಲ. ನಿನ್ನ ಸ್ವಂತ ಓದಿಗೆ ಸತ್ಯವೇದ ತರಲು ಅಡ್ಡಿಯಿಲ್ಲ, ಅದನ್ನು ಬಚ್ಚಿಡಬೇಡ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ದುಬೈಯ ಔದ್ ಮೇಥಾ ಬಡಾವಣೆಯಲ್ಲಿ ಇಲ್ಲಿನ ಆಳುವವರೇ ಕೊಟ್ಟ ನೆಲದಲ್ಲಿ ಕ್ರೈಸ್ತ ದೇವಾಲಯಗಳಿವೆ. ಒಂದೇ ಆವರಣದಲ್ಲಿ ಅನೇಕ ಭಾಷೆಗಳ ಸಭೆಗಳು ಸಮಯ ಹಂಚಿಕೊಂಡು ಕೂಡುತ್ತವೆ. ಹಿಂದೆ ವಾರದ ರಜೆ ಶುಕ್ರವಾರವಾಗಿದ್ದುದರಿಂದ ನಮ್ಮ ಆರಾಧನೆಯೂ ಶುಕ್ರವಾರವೇ ನಡೆಯುತ್ತಿತ್ತು. 2022ರ ಜನವರಿಯಲ್ಲಿ ಸರ್ಕಾರ ಶನಿವಾರ ಭಾನುವಾರಗಳನ್ನು ರಜೆಯಾಗಿಸಿದರೂ ಎಲ್ಲ ಕಂಪನಿಗಳ ಲೆಕ್ಕ ಒಂದೇ ಅಲ್ಲ. ರಂಜಾನಿನಲ್ಲಿ ಉಪವಾಸವಿರುವವರ ಕಣ್ಣೆದುರು ತಿನ್ನಬೇಡ, ಕುಡಿಯಬೇಡ. ಪರಧರ್ಮದವರಿಗೆ ಬೋಧಿಸುವುದನ್ನೂ ಕರಪತ್ರ ಹಂಚುವುದನ್ನೂ ಕಾನೂನು ನಿಷೇಧಿಸಿದೆ. ಹಣದ ವಿಷಯವನ್ನು ನಿನ್ನ ತಂದೆಯವರೊಡನೆ ಕೂತು ತೀರ್ಮಾನಿಸುವುದು ಒಳ್ಳೆಯದು. ಸಂಪಾದನೆಯ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ದಶಮಾಂಶವನ್ನು ಮಾತ್ರ ಮರೆಯಬೇಡ.

ಇನ್ನು ನಿನ್ನ ಮುಖ್ಯ ಪ್ರಶ್ನೆ. ಊರಿನಲ್ಲಿ ಒಳ್ಳೆಯ ಹೆಸರು ನಮಗೆ ಹುಟ್ಟಿನಿಂದಲೇ ಬಂದಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆನಿಂತು ಶಾಲೆ ತೆರೆದರು. ಮುಂದೆ ಬೆಟಗೇರಿಯ ಜರ್ಮನ್ ಆಸ್ಪತ್ರೆಯಲ್ಲಿ ನಮ್ಮ ಅಜ್ಜಿಯಂಥವರು ಜಾತಿ ಕೇಳದೆ ರಾತ್ರಿಯಿಡೀ ರೋಗಿಗಳ ಮಗ್ಗುಲಲ್ಲಿ ಎದ್ದು ಕೂತು ಗಳಿಸಿದ ವಿಶ್ವಾಸವನ್ನು ನಾವು ಮೊಮ್ಮಕ್ಕಳು ಕೂತು ಉಂಡೆವು. ಮಿಷನ್ ಕಂಪೌಂಡಿನ ಹುಡುಗನೆಂದರೆ ಕಿರಾಣಿ ಅಂಗಡಿಯವರು ಉದ್ರಿ ಕೊಡುತ್ತಿದ್ದರು, ಬಲ್ಲೆಯಷ್ಟೆ. ಇಲ್ಲಿ ಆ ಅಜ್ಜಿಯನ್ನು ಯಾರೂ ಕಂಡಿಲ್ಲ. ಇದು ನನಗೆ ತಡವಾಗಿ ತಿಳಿಯಿತು, ಮತ್ತು ತಿಳಿಯುವ ಹೊತ್ತಿಗೆ ಇನ್ನೊಬ್ಬರಿಗೆ ನಷ್ಟವಾಗಿತ್ತು.

ಬಂದು ಎರಡನೆಯ ವರ್ಷ. ನಾನು ಪ್ರತಿ ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸತ್ಯವೇದವನ್ನೂ ಕೀರ್ತನೆಗಳ ಪುಸ್ತಕವನ್ನೂ ಎಲ್ಲರಿಗೂ ಕಾಣುವಂತೆ ಹಿಡಿದು ಕೆಲಸಗಾರರು ವಾಸಿಸುವ ಕ್ಯಾಂಪಿನ ಗೇಟು ದಾಟುತ್ತಿದ್ದೆ. ಕುಡಿಯುತ್ತಿರಲಿಲ್ಲ, ಬೈಗುಳದ ಮಾತು ಆಡುತ್ತಿರಲಿಲ್ಲ, ಇದೇ ಸಾಕ್ಷಿ ಎಂದು ಮನಸ್ಸಿನಲ್ಲಿ ಹಿಗ್ಗುತ್ತಿದ್ದೆ. ಆ ದಿನಗಳಲ್ಲಿ ಹಾಜರಿ ಹಾಳೆಯನ್ನು ಪೆನ್ಸಿಲ್ಲಿನಲ್ಲಿ ತುಂಬಿ ತಿಂಗಳ ಕೊನೆಗೆ ಶಾಯಿಯಲ್ಲಿ ತಿದ್ದಿ ಬರೆಯುತ್ತಿದ್ದೆವು. ಒಂದು ತಿಂಗಳು ಓವರ್‌ಟೈಮಿನ ಖರ್ಚು ಮಿತಿ ಮೀರಿತೆಂದು ಮೇಲಿನವರೊಬ್ಬರು ನನ್ನನ್ನು ಕರೆದು, 31 ಜನರ ಹೆಸರಿನ ಮುಂದೆ ದಿನಕ್ಕೆ ಒಂದು ಗಂಟೆ ಅಳಿಸಲು ಹೇಳಿದರು. ದಿನಕ್ಕೆ ಎಂಟು ಗಂಟೆ ಮೀರಿದ ದುಡಿಮೆಗೆ ಕಾಲುಪಾಲು ಹೆಚ್ಚು ಕೂಲಿ ಕೊಡಬೇಕೆಂಬ ಕಾನೂನು ಆಗಲೂ ಇತ್ತು, ಅದು ನನಗೆ ಗೊತ್ತೂ ಇತ್ತು. ಆದರೆ ವೀಸಾ ಅವರ ಕೈಯಲ್ಲಿತ್ತು, ಊರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. ರಾತ್ರಿ ಹನ್ನೊಂದರವರೆಗೆ ಕೂತು ಅಳಿಸಿದೆ. ರಬ್ಬರಿನ ಕರಿಯ ಪುಡಿ ಹಾಳೆಯ ತುಂಬ ಬಿದ್ದಿತ್ತು. ಅದನ್ನು ಅಂಗೈಯಿಂದ ಸರಿಸಿ, ಮೇಲೆ ಶಾಯಿಯಲ್ಲಿ ಬರೆದು ಸಹಿ ಹಾಕಿದೆ.

ಸಂಬಳದ ಮರುದಿನ ನಿಜಾಮಾಬಾದ್ ಕಡೆಯ ಹಿರಿಯನೊಬ್ಬ, ಕಬ್ಬಿಣದ ಸರಳು ಕಟ್ಟುವವನು, ನನ್ನ ಮೇಜಿನ ಬಳಿ ಬಂದ. ಓದು ಬಾರದವನು, ಕಿರಾಣಿ ಅಂಗಡಿಯ ಒಂದು ಕ್ಯಾಲೆಂಡರಿನಲ್ಲಿ ಪ್ರತಿ ಓವರ್‌ಟೈಮ್ ಗಂಟೆಗೆ ಒಂದು ಗೀಟು ಎಳೆದಿಟ್ಟಿದ್ದ. ಕ್ಯಾಲೆಂಡರನ್ನು ನನ್ನ ಮುಂದೆ ಹರವಿ, ಬೆರಳಿಟ್ಟು ಗೀಟುಗಳನ್ನು ಎಣಿಸಿದ. ನಾನು ನನ್ನ ಹಾಳೆಯನ್ನು ತೋರಿಸಿದೆ. ಅವನು ಎರಡನ್ನೂ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಶುಕ್ರವಾರ ಪುಸ್ತಕ ಹಿಡಿದು ಪ್ರಾರ್ಥನೆಗೆ ಹೋಗುವವರು ಸಾಹೇಬರೇ, ನಿಮ್ಮ ಬರಹ ತಪ್ಪಾಗದು, ನಾನೇ ಎಲ್ಲೋ ಹೆಚ್ಚು ಗೀಟು ಎಳೆದಿರಬೇಕು’ ಎಂದು ಹಿಂದಿಯಲ್ಲಿ ಹೇಳಿ, ಕ್ಯಾಲೆಂಡರನ್ನು ಮಡಚಿಕೊಂಡು ಹೊರಟುಹೋದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನ್ನ ಭಕ್ತಿಯನ್ನು ನಂಬಿ ತನ್ನ ಲೆಕ್ಕವನ್ನೇ ಸಂಶಯಿಸಿದ. ನಾನು ಎತ್ತಿ ಹಿಡಿದಿದ್ದ ಸತ್ಯವೇದವೇ ನನ್ನ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತು. ಆ ಶುಕ್ರವಾರ ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿತ್ತು. ನಾನು ಎದ್ದು ಮುಂದೆ ಹೋಗಲಾರದೆ ಹಿಂದಿನ ಬೆಂಚಿನಲ್ಲಿ ಕೂತೆ. ಸತ್ಯ ಹೇಳಿ ಅವನ ದುಡ್ಡನ್ನು ನನ್ನ ಜೇಬಿನಿಂದಲಾದರೂ ತುಂಬಿಕೊಡಬೇಕೆಂದು ನಿರ್ಧರಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು, ಮತ್ತು ಅಷ್ಟರಲ್ಲಿ ಅವನು ಕರಾರು ಮುಗಿಸಿ ಊರಿಗೆ ಹೋಗಿದ್ದ. ಅವನ ಊರಿನ ಹೆಸರು ನನಗೆ ತಿಳಿದಿರಲಿಲ್ಲ. ಉಳಿದವರಲ್ಲಿ ಕೆಲವರಿಗೆ ಕೊಟ್ಟೆ, ತಪ್ಪೊಪ್ಪಿಕೊಂಡೆ. ಅವನಿಗೆ ಕೊಡಬೇಕಾದದ್ದು ಇಂದಿಗೂ ನನ್ನ ಮೇಲಿದೆ.

ಆದ್ದರಿಂದ ತಮ್ಮಾ, ನೀವು ಭೂಮಿಗೆ ಉಪ್ಪಾಗಿದ್ದೀರಿ ಎಂದು ಕರ್ತನು ಹೇಳಿದ್ದನ್ನು ನಿನ್ನ ಮೇಜಿನ ಮೇಲೆಯೇ ನೆರವೇರಿಸು. 2009ರಿಂದ ಸಂಬಳವನ್ನು ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳ ಮೂಲಕವೇ ಪಾವತಿಸಬೇಕೆಂಬ ವ್ಯವಸ್ಥೆ ಬಂದಿದೆ, ಹಾಜರಿಗೂ ಅನೇಕ ಕಡೆ ಯಂತ್ರಗಳಿವೆ. ಆದರೂ ಯಾರು ಎಷ್ಟು ಗಂಟೆ ದುಡಿದರೆಂದು ಕೊನೆಗೆ ಒಪ್ಪಿ ಕಳಿಸುವ ಕೈ ಒಂದಿರುತ್ತದೆ, ಅದು ನಿನ್ನದಾಗಲಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಆ ಹೊತ್ತಿನಲ್ಲಿ ಯಾರನ್ನಾದರೂ ಮೇಲೆ ಹತ್ತಿಸಿದ್ದು ಕಂಡರೆ ಕಾಣದವನಂತೆ ಇರಬೇಡ. ಪ್ರತಿಯೊಬ್ಬನಿಗೂ ತಿಂಗಳ ಕೊನೆಗೆ ಅವನ ಗಂಟೆಗಳನ್ನು ಓದಿ ಹೇಳು, ಓದಲು ಬಾರದವನಿಗೆ ಎರಡು ಸಲ ಹೇಳು. ಅಳಿಸಲು ಹೇಳಿದರೆ, ಆದೇಶವನ್ನು ಬರವಣಿಗೆಯಲ್ಲಿ ಕೊಡಿರೆಂದು ವಿನಯದಿಂದ ಕೇಳು. ಹಾಗೆ ಕೇಳಿದ ಮೇಲೆ ನನಗೆ ಆ ಮಾತನ್ನು ಮತ್ತೆ ಯಾರೂ ಹೇಳಲಿಲ್ಲ, ಬಡ್ತಿ ಮಾತ್ರ ಎರಡು ವರ್ಷ ತಡವಾಯಿತು. ನಿನಗೂ ಏನಾದರೂ ತಡವಾದೀತು, ಅದಕ್ಕೆ ಈಗಲೇ ಮನಸ್ಸು ಗಟ್ಟಿಮಾಡಿಕೋ.

ಬಂದೊಡನೆ ವಾರದ ರಜೆ ಯಾವ ದಿನವೆಂದು ತಿಳಿಸು. ಆ ದಿನ ಬೆಳಗ್ಗೆ ಕ್ಯಾಂಪಿನ ಗೇಟಿನ ಬಳಿ ನಾನಿರುತ್ತೇನೆ. ನಿನ್ನ ಅವ್ವನಿಗೆ ಹೇಳಿ ಶೇಂಗಾ ಹಿಂಡಿಯನ್ನು ಕೋಣೆಯವರೆಲ್ಲರಿಗೂ ಸಾಲುವಷ್ಟು ಕಟ್ಟಿಸಿಕೊಂಡು ಬಾ.