ಕಾನೂನು ಸಲಹೆ: ಪಂಚ್‌ಗೆ ಮುಂಚಿನ ಕಾಲು ಗಂಟೆಯ ಸಂಬಳ

ಪ್ರಶ್ನೆ: ಅಮೆರಿಕದ ಡಲ್ಲಾಸ್‌ನಲ್ಲಿ ವಿಮಾ ಕಾಲ್ ಸೆಂಟರ್ ಒಂದರಲ್ಲಿ ಗಂಟೆಗೆ 18 ಡಾಲರ್‌ಗೆ ಕೆಲಸ ಮಾಡುತ್ತೇನೆ. ವಾರಕ್ಕೆ 40 ಗಂಟೆಯ ಸಂಬಳ ಬರುತ್ತದೆ. ಬೆಳಿಗ್ಗೆ 8ಕ್ಕೆ ಸರಿಯಾಗಿ ಮೊದಲ ಕರೆ ತೆಗೆದುಕೊಳ್ಳಬೇಕು. ಅದಕ್ಕಾಗಿ ಕಾಲು ಗಂಟೆ ಮೊದಲೇ ಕಂಪ್ಯೂಟರ್ ಮುಂದೆ ಕೂರುತ್ತೇನೆ, ಆದರೆ ಪಂಚ್ (ಹಾಜರಿ ಸಮಯದ ದಾಖಲು) ಆಗುವುದು 8ಕ್ಕೆ. ಕಂಪ್ಯೂಟರ್ ಹಾಕುವುದು ಕೆಲಸವಲ್ಲ ಎನ್ನುತ್ತಾರೆ ಸೂಪರ್‌ವೈಸರ್. ಆ ಹಣ ಕೇಳಬಹುದೇ?

ಉತ್ತರ: ಧಾರಾಳವಾಗಿ ಕೇಳಬಹುದು. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಪ್ರಕಾರ ವಾರದಲ್ಲಿ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಕಾಲ್ ಸೆಂಟರ್‌ಗಳಿಗೆಂದೇ ಅಲ್ಲಿನ ಕಾರ್ಮಿಕ ಇಲಾಖೆ 2008ರಲ್ಲಿ ಫ್ಯಾಕ್ಟ್ ಶೀಟ್ 64 ಹೊರಡಿಸಿದೆ. ಕೆಲಸದ ಸೂಚನೆ, ಅಪ್ಲಿಕೇಶನ್, ಇಮೇಲ್ ಇಳಿಸಿಕೊಳ್ಳಲು ಕಂಪ್ಯೂಟರ್ ಹಾಕುವ ಕ್ಷಣದಿಂದಲೇ ದಿನದ ಕೆಲಸ ಶುರು ಎಂದು ಅದರಲ್ಲಿ ಉದಾಹರಣೆ ಸಮೇತ ಹೇಳಿದೆ. 2021ರಲ್ಲಿ ಹತ್ತನೇ ಸರ್ಕ್ಯೂಟ್ (ಕೆಲವು ರಾಜ್ಯಗಳ ವ್ಯಾಪ್ತಿಯ ಕೇಂದ್ರ) ಮೇಲ್ಮನವಿ ನ್ಯಾಯಾಲಯ ದಿನಕ್ಕೆ ಸುಮಾರು ಎರಡು ನಿಮಿಷದ, ಕಂಪ್ಯೂಟರ್ ಚಾಲೂ ಮಾಡುವ ಸಮಯವನ್ನೂ 'ನಗಣ್ಯ' ಎಂದು ತಳ್ಳಿಹಾಕಲು ಒಪ್ಪಲಿಲ್ಲ. 2022ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೂಡ, ಕಂಪ್ಯೂಟರ್ ಇಲ್ಲದೆ ಏಜೆಂಟ್ ಕೆಲಸ ನಡೆಯುವುದೇ ಇಲ್ಲವಾದ್ದರಿಂದ ಅದನ್ನು ಚಾಲೂ ಮಾಡುವುದು ಕೆಲಸದ ಅವಿಭಾಜ್ಯ ಭಾಗ ಎಂದಿತು. ನಿಮ್ಮ ಟೆಕ್ಸಾಸ್ ಇವೆರಡರ ವ್ಯಾಪ್ತಿಯಲ್ಲಿಲ್ಲ. ಆದರೂ ವಕೀಲರು ಅಲ್ಲಿ ಮುಂದಿಡುವುದು ಇದೇ ತರ್ಕವನ್ನು.

ಲೆಕ್ಕ ನೋಡಿ. ದಿನಕ್ಕೆ 15 ನಿಮಿಷದಂತೆ ಐದು ದಿನಕ್ಕೆ 75 ನಿಮಿಷ, ಅಂದರೆ 1.25 ಗಂಟೆ. 40 ಗಂಟೆ ಆಗಲೇ ತುಂಬಿರುವುದರಿಂದ ದರ 27 ಡಾಲರ್, ವಾರಕ್ಕೆ 33.75 ಡಾಲರ್. ವರ್ಷಕ್ಕೆ 50 ವಾರ ಹಿಡಿದರೆ ಎರಡು ವರ್ಷಕ್ಕೆ 3,375 ಡಾಲರ್. ಸದ್ಭಾವನೆಯಿಂದಲೇ ನಡೆದುಕೊಂಡೆವು ಎಂದು ಕಂಪನಿ ಸಾಬೀತು ಮಾಡದಿದ್ದರೆ ಅಷ್ಟೇ ಮೊತ್ತ ಪರಿಹಾರವಾಗಿ ಸೇರಿ 6,750 ಆಗುತ್ತದೆ. ಹಾಜರಾತಿ, ಗುಣಮಟ್ಟ, ಮಾರಾಟಕ್ಕೆಂದು ಮೊದಲೇ ಘೋಷಿಸಿದ ಬೋನಸ್ ಸಿಗುತ್ತಿದ್ದರೆ ಅದನ್ನೂ ಮೂಲ ದರಕ್ಕೆ ಕೂಡಿಸಿ, ಆಮೇಲೆ ಓವರ್‌ಟೈಮ್ ಲೆಕ್ಕ ಹಾಕಬೇಕು. ಇದನ್ನು ಬಿಟ್ಟೇ ಲೆಕ್ಕ ಕೊಡುವ ಕಂಪನಿಗಳಿವೆ, ಗಮನಿಸಿ.

ತಡ ಮಾತ್ರ ಮಾಡಬೇಡಿ. ದಾವೆ ಹೂಡಿದ ದಿನದಿಂದ ಹಿಂದಕ್ಕೆ ಎರಡು ವರ್ಷದ ಬಾಕಿ ಮಾತ್ರ ಸಿಗುತ್ತದೆ. ಕಂಪನಿ ಗೊತ್ತಿದ್ದೂ ಕಾನೂನು ಮುರಿದಿದೆ ಎಂದು ತೋರಿಸಿದರೆ ಮೂರು ವರ್ಷ. ನೀವು ಸುಮ್ಮನಿದ್ದ ಪ್ರತಿ ವಾರ ಹಿಂದಿನ ಒಂದು ವಾರದ ಹಣ ಕೈಬಿಟ್ಟು ಹೋಗುತ್ತದೆ. ಸಹೋದ್ಯೋಗಿ ಆಗಲೇ ಸಾಮೂಹಿಕ ದಾವೆ ಹಾಕಿದ್ದಾರೆ, ನನ್ನದೂ ಅದರಲ್ಲಿ ಸೇರಿರುತ್ತದೆ ಎಂದು ನೆಮ್ಮದಿಯಿಂದಿರುವವರು ಬಹಳ. ಈ ಕಾನೂನಿನಲ್ಲಿ ಹಾಗಿಲ್ಲ. ನಿಮ್ಮ ಲಿಖಿತ ಒಪ್ಪಿಗೆ ಪತ್ರ ಕೋರ್ಟಿಗೆ ಸಲ್ಲಿಕೆಯಾದ ದಿನವೇ ನಿಮ್ಮ ಗಡುವಿನ ಗಡಿಯಾರ ನಿಲ್ಲುವುದು.

ಪ್ರಶ್ನೆ: ಮನೆಯಿಂದಲೇ ಕೆಲಸ. ಪಂಚ್‌ಗೆ ಮುಂಚೆ ದುಡಿದದ್ದಕ್ಕೆ ಯಾವ ದಾಖಲೆಯೂ ಇಲ್ಲ. ಹೇಗೆ ಸಾಬೀತು ಮಾಡುವುದು?

ಉತ್ತರ: ಗಂಟೆಗಳ ದಾಖಲೆ ಇಡುವ ಹೊಣೆ ಕಂಪನಿಯದು. ಅದು ಇಡದಿದ್ದರೆ ನೌಕರ ನ್ಯಾಯವಾದ ಅಂದಾಜು ಕೊಟ್ಟರೆ ಸಾಕು, ಆಮೇಲೆ ಅದನ್ನು ಸುಳ್ಳೆಂದು ತೋರಿಸುವ ಭಾರ ಕಂಪನಿಯ ಮೇಲೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲೇ ಹೇಳಿದೆ. ಹಾಗೆಂದು ಬಾಯಿಮಾತಿನ ಅಂದಾಜಿಗೆ ತೂಕ ಕಡಿಮೆ. ಇವತ್ತಿನಿಂದಲೇ ಸ್ವಂತ ನೋಟ್‌ಬುಕ್‌ನಲ್ಲಿ ಬರೆಯಿರಿ: 7.45ಕ್ಕೆ ಪವರ್, 7.48ಕ್ಕೆ ವಿಪಿಎನ್ (ಕಂಪನಿ ಜಾಲಕ್ಕೆ ಸುರಕ್ಷಿತ ಸಂಪರ್ಕ) ಮತ್ತು ಫೋನಿಗೆ ಬಂದ ಕೋಡ್, 7.53ಕ್ಕೆ ವರ್ಚುವಲ್ ಡೆಸ್ಕ್‌ಟಾಪ್, 7.57ಕ್ಕೆ ಗ್ರಾಹಕರ ಮಾಹಿತಿಯ ತಂತ್ರಾಂಶ, 7.59ಕ್ಕೆ ಸಾಫ್ಟ್‌ಫೋನ್, 8ಕ್ಕೆ ಪಂಚ್. ಸಂಜೆ ಪಂಚ್ ಔಟ್ ಆದಮೇಲೆ ಮುಗಿಸಿದ ಕರೆಯ ಟಿಪ್ಪಣಿಗೂ ಹೀಗೆಯೇ. ಕೋಡ್ ಬಂದ ಎಸ್ಎಂಎಸ್‌ಗಳನ್ನು ಅಳಿಸಬೇಡಿ. ಪ್ರತಿಯೊಂದರ ಮೇಲೂ ಸಮಯ ಇರುತ್ತದೆ, ಅದು ನಿಮ್ಮದೇ ಫೋನಿನಲ್ಲಿದೆ. '8ಕ್ಕೆ ಕಾಲ್ ರೆಡಿ ಇರಬೇಕು' ಎಂದು ಸೂಪರ್‌ವೈಸರ್ ಕಳಿಸಿದ ಸಂದೇಶ ಚಿನ್ನದಂಥದ್ದು. ಕಂಪನಿಗೆ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ವಿಪಿಎನ್ ಮತ್ತು ಫೋನ್ ವ್ಯವಸ್ಥೆಯ ಲಾಗ್‌ಗಳನ್ನು ದಾವೆಯಲ್ಲಿ ವಕೀಲರು ತರಿಸಿಕೊಳ್ಳುತ್ತಾರೆ. ಗ್ರಾಹಕರ ವಿವರ ಇರುವ ಪರದೆಯ ಫೋಟೊ ತೆಗೆಯುವುದಾಗಲಿ, ಕಂಪನಿ ಕಡತಗಳನ್ನು ಸ್ವಂತ ಇಮೇಲ್‌ಗೆ ಕಳಿಸುವುದಾಗಲಿ ಖಂಡಿತ ಬೇಡ. ಕೆಲಸದಿಂದ ತೆಗೆಯಲು ನೀವೇ ಕಾರಣ ಕೊಟ್ಟಂತಾಗುತ್ತದೆ.

ಪ್ರಶ್ನೆ: ನನಗೆ ವಾರಕ್ಕೆ 36 ಗಂಟೆ ಮಾತ್ರ. ನನಗೂ ಇದು ಅನ್ವಯಿಸುತ್ತದೆಯೇ? 10 ನಿಮಿಷದ ವಿರಾಮದ ಸಂಬಳವನ್ನೂ ಕಡಿಯುತ್ತಾರೆ.

ಉತ್ತರ: ಇಲ್ಲಿ ಕೇಂದ್ರ ಕಾನೂನು ಬಲಹೀನ. 75 ನಿಮಿಷ ಸೇರಿಸಿದರೂ 40 ದಾಟುವುದಿಲ್ಲ, ಒಟ್ಟು ಸಂಬಳವನ್ನು ದುಡಿದ ಗಂಟೆಗಳಿಗೆ ಹಂಚಿದರೆ ಕೇಂದ್ರದ ಕನಿಷ್ಠ ವೇತನ 7.25 ಡಾಲರ್‌ಗಿಂತ ಕೆಳಗೂ ಇಳಿಯುವುದಿಲ್ಲ. ಇಂಥವರು ರಾಜ್ಯದ ವೇತನ ಕಾನೂನು ಹಿಡಿಯಬೇಕು. ಟೆಕ್ಸಾಸ್‌ನಲ್ಲಾದರೆ ಪೇಡೇ ಕಾನೂನಿನಡಿ ವರ್ಕ್‌ಫೋರ್ಸ್ ಕಮಿಷನ್‌ಗೆ ಅರ್ಜಿ ಹಾಕಬಹುದು, ಆದರೆ ಸಂಬಳ ಕೊಡಬೇಕಿದ್ದ ದಿನದಿಂದ 180 ದಿನದೊಳಗೆ. ವಿರಾಮದ ವಿಷಯ ಸರಳ: 20 ನಿಮಿಷದವರೆಗಿನ ವಿರಾಮ ಸಂಬಳದ ಸಮಯ. ಊಟದ ಅರ್ಧ ಗಂಟೆಗೆ ಸಂಬಳ ಕೊಡಬೇಕಿಲ್ಲ, ನಡುವೆ ಕರೆ ತೆಗೆದುಕೊಂಡಿದ್ದರೆ ಮಾತು ಬೇರೆ. ಸಿಸ್ಟಂ ಕೈಕೊಟ್ಟಾಗ ಕಾಯುತ್ತ ಕೂತ ಹೊತ್ತೂ ಕೆಲಸವೇ.

ಪ್ರಶ್ನೆ: ಸೇರುವಾಗ ಆರ್ಬಿಟ್ರೇಶನ್ ಕರಾರಿಗೆ (ವಿವಾದವನ್ನು ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ಒಯ್ಯುವ ಒಪ್ಪಂದ) ಸಹಿ ಹಾಕಿದ್ದೇನೆ. ಎಚ್‌-4 (ಎಚ್ ವೀಸಾ ನೌಕರರ ಸಂಗಾತಿ-ಮಕ್ಕಳ) ವೀಸಾ, ದೂರು ಕೊಡಲು ಭಯ. ಎಲ್ಲಿಗೆ ಹೋಗಲಿ?

ಉತ್ತರ: 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಅಂಥ ಕರಾರು ಸಾಮೂಹಿಕ ದಾವೆಯ ದಾರಿ ಮುಚ್ಚಬಲ್ಲದು. ಒಬ್ಬರೇ ಆರ್ಬಿಟ್ರೇಟರ್ ಮುಂದೆ ಹೋಗುವ ಹಕ್ಕು ಉಳಿಯುತ್ತದೆ, ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್‌ಗೆ ದೂರು ಕೊಡುವ ಹಕ್ಕೂ ಉಳಿಯುತ್ತದೆ. ಅಲ್ಲಿ ಶುಲ್ಕವಿಲ್ಲ, ದೂರುದಾರರ ಹೆಸರು ಗುಟ್ಟಾಗಿರುತ್ತದೆ. ವೇತನದ ಹಕ್ಕು ವೀಸಾ ನೋಡಿ ಬದಲಾಗುವುದಿಲ್ಲ. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ ಅದು ಇನ್ನೊಂದು ಅಪರಾಧ, ಅದಕ್ಕೆ ಪ್ರತ್ಯೇಕ ಪರಿಹಾರವಿದೆ. ದಾವೆ ಗೆದ್ದರೆ ನಿಮ್ಮ ವಕೀಲರ ಶುಲ್ಕವನ್ನು ಕಂಪನಿಯೇ ಕಟ್ಟಬೇಕಾದ್ದರಿಂದ, ಮುಂಗಡ ಕೇಳದೆ ಇಂಥ ಕೇಸು ಹಿಡಿಯುವ ವಕೀಲರು ಸಿಗುತ್ತಾರೆ.

ಎರಡು ಎಚ್ಚರ. ಇಲಾಖೆಗೆ ದೂರು ಕೊಟ್ಟ ಮಾತ್ರಕ್ಕೆ ಎರಡು ವರ್ಷದ ಗಡುವು ನಿಲ್ಲುವುದಿಲ್ಲ. ತನಿಖೆ ಎಳೆದಾಡುತ್ತಿದ್ದರೆ ವಕೀಲರನ್ನು ಕಾಣಿ. ಇಲಾಖೆಯ ಮೂಲಕ ಬರುವ ಚೆಕ್ ಜೊತೆ ಡಬ್ಲ್ಯೂಎಚ್-58 ಎಂಬ ನಮೂನೆ ಇರುತ್ತದೆ. ಅದಕ್ಕೆ ಸಹಿ ಹಾಕಿ ಪೂರ್ಣ ಹಣ ಪಡೆದರೆ ಆ ಅವಧಿಯ ಬಾಕಿಗೆ ಮತ್ತೆ ದಾವೆ ಹೂಡಲಾಗದು. ಮೊದಲು ನಿಮ್ಮ ನೋಟ್‌ಬುಕ್‌ನ ಲೆಕ್ಕಕ್ಕೂ ಚೆಕ್ಕಿನ ಮೊತ್ತಕ್ಕೂ ತಾಳೆ ನೋಡಿ, ಆಮೇಲೆ ಸಹಿ.