ಹಳೆಯ ಹಂಚಿನ ಮನೆಗೆ ಯಾವ ಬಣ್ಣ?

ಪ್ರಶ್ನೆ: ಸಾಗರದ ಬಳಿ ನಮ್ಮದು ಹಳೆಯ ಮನೆ. ಕೆಂಪು ಹಂಚು, ಸುಣ್ಣದ ಗಾರೆಯ ಗೋಡೆ. ಹೊರಗೆ ಬೂದು ಎಮಲ್ಶನ್ (ಪ್ಲಾಸ್ಟಿಕ್ ಪೇಂಟ್) ಹೊಡೆಸೋಣ ಎಂದು ಮಕ್ಕಳ ಆಸೆ. ಸರಿಹೋಗುತ್ತದೆಯೇ?

ಉತ್ತರ: ಹಂಚಿನ ಬಣ್ಣ ಬದಲಾಗದು, ಆದ್ದರಿಂದ ಆಯ್ಕೆ ಅಲ್ಲಿಂದಲೇ ಶುರುವಾಗಲಿ. ನೀಲಿ ಛಾಯೆಯ ಬೂದು ಕೆಂಪು ಹಂಚಿನ ಕೆಳಗೆ, ಅದರಲ್ಲೂ ಮಳೆಗಾಲದ ಮಂಕು ಬೆಳಕಿನಲ್ಲಿ, ತೀರಾ ಕಳೆಗುಂದುತ್ತದೆ. ಕೆನೆ ಅಥವಾ ತಿಳಿ ಕಾವಿ ಹಳದಿ ಚೆನ್ನ. ಕಿಟಕಿ, ಬಾಗಿಲಿಗೆ ಕಡು ಹಸಿರು ಎನಾಮಲ್ ಒಪ್ಪುತ್ತದೆ. ನೆಲದಿಂದ ಎರಡಡಿ ಕೆಮ್ಮಣ್ಣಿನ ಪಟ್ಟಿ ಖಂಡಿತ ಇರಲಿ. ಸೂರಿನ ನೀರು ಸಿಡಿಸುವ ಕೆಸರು ಅದರ ಮೇಲೆ ಎದ್ದು ಕಾಣದು.

ಎಮಲ್ಶನ್ ಮಾತ್ರ ಬೇಡವೇ ಬೇಡ. ಬುನಾದಿಯಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಹೊರಹೋಗಬೇಕು. ಮೇಲೆ ಎಮಲ್ಶನ್ ಪದರ ಕೂತರೆ ತೇವ ಒಳಗೇ ಉಳಿದು ಬಣ್ಣ ಉಬ್ಬುತ್ತದೆ, ಹಕ್ಕಳೆಯಾಗಿ ಏಳುವಾಗ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ.

ಬಣ್ಣದ ಸುಣ್ಣವೇ ಇಲ್ಲಿಗೆ ಸರಿ. ಹಳೆಯ ಡಿಸ್ಟೆಂಪರ್ ಇದ್ದರೆ ಪೂರ್ತಿ ಕೆರೆಸಿ, ಇಲ್ಲವಾದರೆ ಸುಣ್ಣ ಹಿಡಿಯದು. ಸುಣ್ಣದ ತೂಕದ ಶೇ. 10 ಮೀರದಂತೆ ಬಣ್ಣ ಕೊಡುವ ಐರನ್ ಆಕ್ಸೈಡ್ ಪುಡಿ ಬೆರೆಸಿ. ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಗೋಡೆ ತೇವ ಮಾಡಿಕೊಂಡು, ಹಾಲಿನಷ್ಟು ತೆಳ್ಳಗೆ ಮೂರು ಕೋಟ್, ನಡುವೆ ಒಂದೊಂದು ದಿನ ಬಿಡುವು. ದಪ್ಪಗೆ ಬಳಿದರೆ ಬಿರುಕು, ಸುಡುಬಿಸಿಲಿನಲ್ಲಿ ಬಳಿದರೆ ಪುಡಿ.

ಮೊದಲು ಬಿಸಿಲಿನ ಗೋಡೆಯಲ್ಲೊಂದು, ನೆರಳಿನ ಗೋಡೆಯಲ್ಲೊಂದು ಎರಡಡಿ ಚೌಕ ಬಳಿದು ನೋಡಿ. ಹಸಿ ಸುಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ. ಎರಡು ದಿನ ಕಳೆಯದೆ ತೀರ್ಮಾನಿಸಬೇಡಿ.