ಮಹಾರಾಷ್ಟ್ರದಲ್ಲಿ ರಿಜಿಸ್ಟರ್ ಆದ ಡಾಕ್ಟರ್ ಹುಬ್ಬಳ್ಳಿಯಲ್ಲಿ ದವಾಖಾನೆ ಹಾಕಬಹುದಾ?

ನೀವು ಕೇಳಿದ್ದು ಇಷ್ಟು: ತಂಗಿ ಸಾಂಗ್ಲಿ ಕಡೆ ಎಂಬಿಬಿಎಸ್ ಮುಗಿಸಿ ಮಹಾರಾಷ್ಟ್ರದಲ್ಲೇ ರಿಜಿಸ್ಟರ್ ಆಗಿದ್ದಾಳೆ, ಈಗ ಹುಬ್ಬಳ್ಳಿಯಲ್ಲಿ ದವಾಖಾನೆ ಹಾಕಬೇಕು. ಮತ್ತೆ ಪರೀಕ್ಷೆ ಬರೆಯಬೇಕಾ, ಅಮೆರಿಕದ ಹಾಗೆ ರಾಜ್ಯಕ್ಕೊಂದು ಲೈಸೆನ್ಸ್ ಬೇಕಾ ಅಂತ.

ಪರೀಕ್ಷೆ ಇಲ್ಲ. ಆದರೆ ಹೆಸರನ್ನು ಕರ್ನಾಟಕದ ರಿಜಿಸ್ಟರಿಗೆ ತರಬೇಕು. ನಾನು ಡಾಕ್ಟರ್ ಅಲ್ಲ, ಡಾಕ್ಟರ್ ಗಂಡ. ಹೆಂಡತಿ ಕೊಲ್ಲಾಪುರದವಳು, 2018ರಲ್ಲಿ ಮದುವೆಯಾಗಿ ಧಾರವಾಡಕ್ಕೆ ಬಂದಳು. ಕಾಗದದ ಓಡಾಟವೆಲ್ಲ ನನ್ನ ಪಾಲಿಗೆ ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಮಾತು ಮೊದಲು ಮುಗಿಸೋಣ. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡ್. ಫೋನಲ್ಲಿ ನೋಡಿದರೂ ಸಾಮಾನ್ಯವಾಗಿ ರೋಗಿ ಕೂತಿರುವ ರಾಜ್ಯದ ಲೈಸೆನ್ಸ್ ಬೇಕು. 2017ರಿಂದ ಹಲವು ರಾಜ್ಯಗಳು ಸೇರಿ ಒಂದು ಒಪ್ಪಂದ ನಡೆಸುತ್ತಿವೆ. ಅದರಲ್ಲೂ ಒಂದೇ ಲೈಸೆನ್ಸ್ ಎಲ್ಲ ಕಡೆ ನಡೆಯುವುದಿಲ್ಲ. ಅರ್ಜಿ ಬೇಗ ಸಾಗುತ್ತದೆ ಅಷ್ಟೇ, ಪ್ರತಿ ರಾಜ್ಯಕ್ಕೂ ಫೀ ಬೇರೆ.

ನಮ್ಮಲ್ಲಿ 1956ರ ಕಾಯ್ದೆಯ ಕಾಲದಿಂದಲೂ ಡಿಗ್ರಿ ದೇಶಕ್ಕೆಲ್ಲ ಒಂದೇ. ಡಾಕ್ಟರ್‌ಗಳ ನೋಂದಣಿ ನೋಡಿಕೊಳ್ಳುವ ರಾಜ್ಯದ ಮೆಡಿಕಲ್ ಕೌನ್ಸಿಲ್‌ನಲ್ಲಿ ಬಂದ ಹೆಸರು ದೇಶದ ರಿಜಿಸ್ಟರಿಗೂ ಹೋಗುತ್ತಿತ್ತು. ಈಗ ಆ ಜಾಗದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಇದೆ. ಹಾಗಿದ್ದರೆ ಇಲ್ಲಿನ ರಿಜಿಸ್ಟರ್ ಯಾಕೆ ಅಂತೀರಾ? ಕರ್ನಾಟಕಕ್ಕೆ 1961ರದ್ದೇ ಒಂದು ನೋಂದಣಿ ಕಾಯ್ದೆ ಇದೆ. ನಾಳೆ ರೋಗಿಯೊಬ್ಬರು ಡಾಕ್ಟರ್ ಮೇಲೆ ದೂರು ಕೊಟ್ಟರೆ ವಿಚಾರಿಸುವುದೂ ರಾಜ್ಯದ ಕೌನ್ಸಿಲ್ಲೇ. ಹುಬ್ಬಳ್ಳಿಯ ರೋಗಿ ಮುಂಬೈಗೆ ಹೋಗಿ ದೂರು ಕೊಡಲಿಕ್ಕಾಗುತ್ತದಾ?

ದಾರಿ ಹೀಗೆ. ಮಹಾರಾಷ್ಟ್ರ ಕೌನ್ಸಿಲ್‌ನಿಂದ ಎನ್‌ಒಸಿ, ಅಂದರೆ ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ, ಜೊತೆಗೆ ಡಾಕ್ಟರ್ ಮೇಲೆ ಕೇಸೇನೂ ಇಲ್ಲ ಅನ್ನುವ ಪತ್ರ. ಅದನ್ನು ಹಿಡಿದು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಅರ್ಜಿ. ಹೇಳಲಿಕ್ಕೆ ಎರಡು ಸಾಲು. ನಮಗೆ ಹಿಡಿದದ್ದು ಐದು ತಿಂಗಳು, ಅದೂ ನಮ್ಮದೇ ತಪ್ಪಿನಿಂದ.

ತಪ್ಪು ಏನಂದರೆ ಹೆಸರು. ಡಿಗ್ರಿಯಲ್ಲಿ ಅವಳ ಹೆಸರು, ಅಪ್ಪನ ಹೆಸರು, ತವರಿನ ಅಡ್ಡಹೆಸರು. ನಾನೋ ಮದುವೆಯ ಹುರುಪಿನಲ್ಲಿ ಎಲ್ಲಕ್ಕಿಂತ ಮೊದಲು ಆಧಾರ್ ಬದಲಿಸಿ ಕೂತಿದ್ದೆ. ಅದರಲ್ಲಿ ಅವಳ ಹೆಸರು, ನನ್ನ ಹೆಸರು, ನಮ್ಮ ಮನೆಯ ಅಡ್ಡಹೆಸರು. ಕಾಗದದ ಮೇಲೆ ಇಬ್ಬರು ಬೇರೆ ಬೇರೆ ಹೆಂಗಸರು! ಇಬ್ಬರೂ ಒಬ್ಬರೇ ಅಂತ ತೋರಿಸಲು ಮದುವೆ ನೋಂದಣಿ ಪತ್ರ ಬೇಕು. ಅದನ್ನು ನಾವು ಮಾಡಿಸಿಯೇ ಇರಲಿಲ್ಲ. ಲಗ್ನಪತ್ರಿಕೆ, ಹಾರ ಹಾಕಿಕೊಂಡ ಫೋಟೋ, ರಜೆ ಹಾಕಿ ಬಂದ ಸಾಕ್ಷಿಗಳನ್ನು ಕಟ್ಟಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಆಮೇಲೆ ನೋಟರಿ, ಅಫಿಡವಿಟ್. ಆಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಕೊಲ್ಲಾಪುರದಿಂದ ಬೆಂಗಳೂರಿಗೆ ಓಡುತ್ತಿತ್ತು. ಅವಳು ಅತ್ತೆಮನೆಗೆ ಬಂದ ಗಾಡಿಯಲ್ಲೇ ಅವಳ ಫೈಲೂ ಬೆಂಗಳೂರಿಗೆ ಹೋಯಿತು.

ಇಷ್ಟರಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿ ಅಂಗಡಿ ಬಾಡಿಗೆಗೆ ಹಿಡಿದು ಬೋರ್ಡೂ ಬರೆಸಿ ಆಗಿತ್ತು. ಬೋರ್ಡಿಗೆ ಹಳೇ ಚಾದರ ಸುತ್ತಿಟ್ಟಿದ್ದೆ. ಮುಚ್ಚಿದ ಶಟರಿಗೆ ತಿಂಗಳಾ ಬಾಡಿಗೆ. ಎದುರಿನ ಕಿರಾಣಿ ಅಂಗಡಿಯ ಕಾಕಾ ದಿನಾ ಕೇಳುತ್ತಿದ್ದರು, "ಬಾಯಾರ ದವಾಖಾನಿ ಯಾವಾಗ ಚಾಲೂ ಆಗತೈತ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಹಾಗೇ ಶುರು ಮಾಡಿಬಿಡಿ, ಯಾರು ಕೇಳ್ತಾರೆ" ಅಂದವರೂ ಇದ್ದರು. ಹೆಂಡತಿ ಒಪ್ಪಲಿಲ್ಲ. ಅವಳು ಮಾಡಿದ್ದೇ ಸರಿ.

ಇನ್ನೊಂದು ಸಂಗತಿಯನ್ನು ಜಾಸ್ತಿ ಜನ ಇದರ ಜೊತೆ ಕಲಸಿಬಿಡುತ್ತಾರೆ. ಡಾಕ್ಟರ್ ನೋಂದಣಿ ಬೇರೆ, ದವಾಖಾನೆಯ ನೋಂದಣಿ ಬೇರೆ. ಎರಡನೆಯದು ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯದ್ದು. ಅದನ್ನು ಕೊಡುವುದು ಜಿಲ್ಲೆಯ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಕಾಗದ ನೋಡುವುದು ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ. ಒಂದು ಟೇಬಲ್, ಎರಡು ಕುರ್ಚಿಯ ದವಾಖಾನೆಗೂ ಇದು ಬೇಕು. ಸೂಜಿ, ಹತ್ತಿಯ ಕಸ ಒಯ್ಯುವವರ ಜೊತೆ ಒಪ್ಪಂದವೂ ಬೇಕು. ಡಾಕ್ಟರ್ ನೋಂದಣಿ ಕೈಗೆ ಬರುವ ತನಕ ಈ ಅರ್ಜಿಗೆ ಕೈ ಹಾಕಬೇಡಿ, ಅಂಗಡಿಯನ್ನಂತೂ ಬಾಡಿಗೆಗೆ ಹಿಡಿಯಲೇ ಬೇಡಿ.

ಫೋನಲ್ಲಿ ನೋಡುವುದಾದರೆ ಸುಲಭ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮ ತಂದಿತು. ಯಾವ ರಾಜ್ಯದಲ್ಲಿ ರಿಜಿಸ್ಟರ್ ಆಗಿದ್ದರೂ ದೇಶದ ಯಾವ ಮೂಲೆಯ ರೋಗಿಯನ್ನೂ ನೋಡಬಹುದು. ಲಾಕ್‌ಡೌನ್‌ನಲ್ಲಿ ನಮ್ಮ ಅಡುಗೆಮನೆಯಿಂದಲೇ ಅವಳು ಕೊಲ್ಲಾಪುರದ ಹಳೇ ಪೇಷಂಟ್‌ಗಳ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಎಲ್ಲ ಗುಳಿಗೆ ಹೀಗೆ ಬರೆಯಲಿಕ್ಕಾಗದು, ನಿದ್ದೆಯ, ನಶೆಯ ಕೆಲವು ಔಷಧಿಗೆ ಪೂರ್ತಿ ತಡೆ ಇದೆ.

ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನೋಂದಣಿ ನಿಯಮ ಬಂದಿದೆ. ಡಾಕ್ಟರಿಗೆ ದೇಶಕ್ಕೆಲ್ಲ ಒಂದೇ ಗುರುತಿನ ನಂಬರ್, ಐದು ವರ್ಷದ ಲೈಸೆನ್ಸ್, ವರ್ಗಾವಣೆಗೂ ಪೋರ್ಟಲ್ ಅಂತ ಅದರಲ್ಲಿದೆ. ರಾಷ್ಟ್ರೀಯ ರಿಜಿಸ್ಟರ್‌ನ ಪೋರ್ಟಲ್ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಅದೂ ಮೊದಲು ಕೇಳುವುದು ಆಧಾರ್, ಡಿಗ್ರಿ, ರಾಜ್ಯದ ರಿಜಿಸ್ಟ್ರೇಶನ್ ಪತ್ರ. ತಂಗಿಗೆ ಮದುವೆ ಆಗಿದೆಯಾ ನೀವು ಬರೆದಿಲ್ಲ. ಆಗಿದ್ದರೆ ಮೂರನ್ನೂ ಇವತ್ತೇ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ.

ಹಾಂ, ಲೆಟರ್‌ಪ್ಯಾಡ್! ಬೋರ್ಡ್, ಚೀಟಿ, ರಸೀದಿ ಎಲ್ಲದರ ಮೇಲೂ ನೋಂದಣಿ ನಂಬರ್ ಇರಬೇಕು, ರಾಜ್ಯ ಬದಲಾದಾಗ ನಮ್ಮದು ಬದಲಾಯಿತು. ನಾನು ಹಳೇ ನಂಬರ್ ಹಾಕಿಸಿ ಸಾವಿರ ಹಾಳೆ ಅಚ್ಚು ಹಾಕಿಸಿದ್ದೆ. ನಮ್ಮವ್ವ ಇವತ್ತಿಗೂ ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಾಳೆ.